ಸುಣ್ಣದ ಲೆಕ್ಕ

ಕೌಲ್ ಬಜಾರದ ಮೂಲ್ಯಾಗ ನನ್ನದೊಂದು ಡಬ್ಬಿ ಅಂಗಡಿ.
ಎಲಿ, ಅಡಿಕಿ, ತಂಬಾಕ, ಸುಣ್ಣ.
ಹನ್ನೊಂದು ವರ್ಷದಾಗ ಎಷ್ಟು ಎಲಿಗೆ ಸುಣ್ಣ ಸವರೀನೋ,
ತೋರುಬೆರಳಿನ ತುದಿ ಬೆಂದು ಗೆರಿ ಅಳಿಸ್ಯಾವ.
ರೇಷನ್ ಅಂಗಡಿ ಮಿಷನ್ನು
ನನ್ನ ನಾನಂತ ಒಪ್ಪೋದಿಲ್ಲ.

ಅಂಥಾಕಿ ಮುಂದ ಆ ಹುಡುಗಿ ಡಾಕ್ಟರು
ಲ್ಯಾಬಿನ ಚೀಟಿ ಹಿಡಕೊಂಡು ನಿಂತು ಹೇಳ್ತಾಳ:
"ಅಮ್ಮಾ, ನಿಮ್ಮ ಯಜಮಾನರ ರಕ್ತದಲ್ಲಿ ಸುಣ್ಣ ಇಲ್ಲ."

ವಾರ್ಡಿನ್ಯಾಗ ನಗಬಾರದು. ನಕ್ಕೆ.

ರಾತ್ರಿ ನರ್ಸಮ್ಮ ಬಿಪಿ ಪಟ್ಟಿ ತೋಳಿಗೆ ಸುತ್ತಿ
ಪುಸ್ ಪುಸ್ ಅಂತ ಗಾಳಿ ತುಂಬಿದ್ಲು.
ನೋಡ್ತಿದ್ದಂಗ ಗಾದಿಲಿಂಗನ ಮಣಿಕಟ್ಟು ಬಾಗಿ,
ಹೆಬ್ಬೆರಳು ಅಂಗೈಗೆ ಮಡಚಿ,
ನಾಕೂ ಬೆರಳು ಕೂಡಿ ನೆಟ್ಟಗ ಸೆಟೆದು ನಿಂತ್ವು.
ಆ ಕೈ ನಾ ಮೊದಲೇ ನೋಡೀನಿ.
ಕುಕನೂರಿನ್ಯಾಗ ನಮ್ಮವ್ವ ಸೂಲಗಿತ್ತಿ.
ಕೂಸು ಅಡ್ಡಾದ್ರ ಎಣ್ಣಿ ಸವರಿಕೊಂಡು
ಹಿಂಗ, ಥೇಟ್ ಹಿಂಗ ಬೆರಳು ಕೂಡಿಸ್ತಿದ್ಲು.
ಇವ ಯಾರನ್ನ ಹಡಿಸಾಕ ಹೊಂಟಾನ?

ಜೀನ್ಸಿಗೆ ಜೇಬು ಹೊಲಿಯೋ ಕೈ ಅದು.
ದಿನಕ್ಕ ನೂರಾ ಎಂಬತ್ತು ಜೇಬು,
ತನ್ನದರಾಗ ಕತ್ತಲಾಗೂದ್ರೊಳಗ ತೂತು.

"ದಿನಾ ತಂಬಾಕಿಗೆ ಸುಣ್ಣ ತಿಕ್ಕಿ ತಿಕ್ಕಿ ಬಾಯಿಗಿಡ್ತಾನಲ್ರಿ,
ಅದೆಲ್ಲಾ ಎಲ್ಲಿಗೆ ಹೋತು?"
ಹುಡುಗಿ ಸ್ಟೂಲ್ ಎಳಕೊಂಡು ಕುಂತ್ಲು. ಪಾಪ, ನಿದ್ದಿಗೆಟ್ಟ ಕಣ್ಣು.
ಅದು ಉಗುಳೋ ಸುಣ್ಣ, ರಕ್ತಕ್ಕೆ ಸೇರೋದಲ್ಲ ಅಂದ್ಲು.
ಹೊಟ್ಟೆಗೇನು ಬಿದ್ದಿದೆ ಹೇಳಿ ಅಂದ್ಲು.
ಏನು ಬಿದ್ದೈತಿ? ಸಂಜಿಗೆ ಪಾಕೀಟು, ಅದರ ಜೋಡಿ ಒಂದು ಮಿರ್ಚಿ.
ಮಜ್ಜಿಗಿ ಹುಳಿಯಾತು, ರೊಟ್ಟಿ ಸೆಟೀತು.

ಬಿಸಿಲೂ ಬೇಕಂತ, ಸುಣ್ಣ ಮೈಯೊಳಗ ಇಳೀಲಿಕ್ಕ.
ಬಳ್ಳಾರ್ಯಾಗ ಬಿಸಿಲಿಗೆ ಬರವೇನ್ರೀ ಯವ್ವಾ!
ಏಪ್ರಿಲ್ಲಿನ್ಯಾಗ ಡಾಂಬರು ಚಪ್ಪಲಿ ಕಿತ್ತಿಟ್ಕೊಂತೈತಿ.
ಆದರ ಖರೆ ಐತಿ ಆಕಿ ಮಾತು:
ಹೊತ್ತು ಹುಟ್ಟೂ ಮುಂಚೆ ಹೊಲಿಗಿ ಕ್ವಾಣಿ, ಟ್ಯೂಬ್‌ಲೈಟು,
ಹೊತ್ತು ಮುಳುಗಿದ ಮ್ಯಾಲ ಅರ್ಧ ಇಳಿಸಿದ ಷಟರಿನ ಒಳಗ.
ಸೂರ್ಯಗ ಇವನ ಮಾರಿ ಗುರುತಿಲ್ಲ.
ಬಿದ್ದ ಚೂರು ಬಿಸಿಲನ್ನೂ ಹದ ಮಾಡೋದು ಲಿವರಂತ.
ಅದರ ಕತಿ ಬ್ಯಾರೆ.

ಹೋದ ಆಷಾಢದಾಗ ಹೊಟ್ಟಿ ಹಿಡಕೊಂಡು ಉರುಳಾಡಿದ್ನಲ್ಲ,
ಆವಾಗ ಮೇದೋಜೀರಕ ಸುಟ್ಟು, ಒಳಗಿನ ಕೊಬ್ಬು ಒಡೆದು
ಸುಣ್ಣದ ಜೋಡಿ ಕೂಡಿ ಸಾಬೂನಾತಂತ.
ಸಾಬೂನು!
ಹದಿನಾರು ವರ್ಷ ಇವನ ವಾಂತಿ ಅಂಗಿ
ಎರಡು ರೂಪಾಯಿ ಪುಡಿಯಾಗ ತಿಕ್ಕೀನಿ.
ಸಾಬೂನು ಇವನ ಹೊಟ್ಟ್ಯಾಗ ಇತ್ತು.

ಸುಣ್ಣದ ಸೂಜಿ ಎರಡು ಸಲ ಹಾಕಿದ್ರು. ನಿಲ್ಲಲಿಲ್ಲ.
ಮತ್ತ ಕೈ ಸೆಟೀತು, ತುಟಿ ಅದುರ್ತು.
ಕೊಟ್ಟದ್ದು ಇವನಲ್ಲಿ ನಿಲ್ಲೋದಿಲ್ಲ,
ಇದನ್ನ ಹೇಳಾಕ ಲ್ಯಾಬು ಬೇಕೇನು?
ಆಕಿ ಮಾತ್ರ ತನ್ನ ಕುತ್ತಿಗಿ ಮುಟ್ಟಿ ತೋರಿಸಿದ್ಲು:
ಇಲ್ಲಿ ತೊಗರಿಕಾಳಿನಷ್ಟು ನಾಕು ಗ್ರಂಥಿ,
ಸುಣ್ಣಕ್ಕ ಅವೇ ಕಾವಲು.
ಮೆಗ್ನೀಸಿಯಂ ಅಂತ ಒಂದು ಉಪ್ಪು ಇಲ್ಲಂದ್ರ ಅವಕ್ಕ ಮಂಪರು.
ಆ ಉಪ್ಪನ್ನ ಕುಡಿತ ಉಚ್ಚಿಯೊಳಗ ಹೊರಗ ಚೆಲ್ಲತೈತಿ.
ಮೊದಲು ಕಾವಲುಗಾರನ್ನ ಎಬ್ಬಿಸಬೇಕಮ್ಮಾ,
ಆಮ್ಯಾಲೆ ಕಣಜ ತುಂಬೋದು.

ಹೊಸಾ ಬಾಟ್ಲಿ ಏರಿಸಿದ್ರು.
ಹನಿ. ಹನಿ.
ಬಾಜೂ ಮಂಚದ ಮುದುಕಿ ಯಾರನ್ನೋ ಬೈಕೊಂತ ಮಲಗಿದ್ಲು.
ನಾನು ಹನಿ ಎಣಿಸಿದೆ, ನಾನೂರಕ್ಕ ತಪ್ಪಿತು.

ಕೋಟಿ ಗುಡ್ಡದ ಮ್ಯಾಲ ಬೆಳಕು ಮೂಡೋ ಹೊತ್ತಿಗೆ
ಸೂಲಗಿತ್ತಿ ಕೈ ಬಿಟ್ಟು ಬರೀ ದರ್ಜಿ ಕೈ ಆಗಿತ್ತು ಅದು,
ಹಾಸಿಗಿ ಮ್ಯಾಲ ಮಕಾಡೆ ಬಿದ್ದಿತ್ತು.
ಕಣ್ಣು ತೆರೆದಾಂವ "ತಂಬಾಕ" ಅಂದ.
ಸಂಚಿ ಬಿಚ್ಚಲಿಲ್ಲ ನಾನು.
ಕೈ ಚಾಚಿ ನನ್ನ ಕೈ ಹಿಡಕೊಂಡ,
ಸುಣ್ಣ ಹುಡುಕಾಕೋ ಏನೋ,
ತೋರುಬೆರಳಿನ ತುದಿ ತಿಕ್ಕಿ ನೋಡಿ ಕೇಳಿದ:
"ಇದಕ್ಕೇನಾತು? ಗೆರೀನೇ ಇಲ್ಲಲ್ಲ."

ಸುಣ್ಣ, ಅಂದೆ.

ಬಾಟ್ಲಿಯೊಳಗ ಇನ್ನೂ ಅರ್ಧ ಇತ್ತು.